ಕಗ್ಗ ಉಪ್ಪು ತಡೆಯುತ್ತದೆ, ನಮ್ಮ ಭತ್ತ ಯಾಕೆ ಸೊರಗುತ್ತದೆ?

ಪ್ರಶ್ನೆ: ನಮ್ಮದು ಗಂಗಾವತಿ ತಾಲ್ಲೂಕು, ತುಂಗಭದ್ರಾ ಕಾಲುವೆಯ ಕೊನೆ ಭಾಗ. ಆರು ಎಕರೆಯಲ್ಲಿ ಎರಡು ಎಕರೆ ಸವಳು ಬಿದ್ದಿದೆ. ಬೇಸಿಗೆಯಲ್ಲಿ ನೆಲದ ಮೇಲೆ ಬಿಳಿ ಪದರ ಏಳುತ್ತದೆ. ನಾಟಿ ಮಾಡಿದ ಹದಿನೈದು ದಿನಕ್ಕೆ ಭತ್ತದ ಎಲೆ ತುದಿ ಸುಟ್ಟ ಹಾಗಾಗುತ್ತದೆ. ಕುಮಟಾದ ಗೆಳೆಯರೊಬ್ಬರು ಅವರ ಕಡೆಯ ಕಗ್ಗ ಭತ್ತದ ಒಂದು ಸೇರು ಬೀಜ ಕೊಟ್ಟಿದ್ದಾರೆ. ಉಪ್ಪುನೀರು ನುಗ್ಗಿದರೂ ಅದು ಸಾಯುವುದಿಲ್ಲವಂತೆ. ಮಗಳು ಬಿ.ಎಸ್ಸಿ. ಓದುತ್ತಿದ್ದಾಳೆ. ಇಂಥ ಗಿಡಗಳಲ್ಲಿ ‘ಸಿಗ್ನಲ್ ಕೊಡುವ ಪ್ರೋಟೀನ್’ ಇರುತ್ತದೆ ಅನ್ನುತ್ತಾಳೆ. ಅಂಗಡಿಯಲ್ಲಿ ಅದೇ ಮಾತು ಹೇಳಿ ಒಂದು ಬಾಟಲಿ ಸಿಂಪರಣೆ ಮಾರುತ್ತಿದ್ದಾರೆ. ಏನಿದು ಪ್ರೋಟೀನ್? ಕಗ್ಗದಲ್ಲಿ ಇದೆ, ನಮ್ಮ ಭತ್ತದಲ್ಲಿ ಇಲ್ಲವಾ? ಬಾಟಲಿ ತರಬಹುದಾ? ಕಗ್ಗ ಬಿತ್ತಬಹುದಾ?

ಉತ್ತರ:

ಬಾಟಲಿ ಬೇಡ. ನೀವು ದುಡ್ಡು ಕೊಡುವ ಮೊದಲೇ ಗೊತ್ತಾಗಲಿ ಅಂತ ಇದನ್ನು ಮೊದಲು ಬರೆಯುತ್ತಿದ್ದೇನೆ. ಕಾರಣ ಮುಂದೆ ಬರುತ್ತದೆ.

ಮಗಳು ಹೇಳಿದ್ದು ಸರಿ. ಉಪ್ಪು ತಾಗಿತು ಅಂತ ಸುದ್ದಿ ಸಾಗಿಸುವ ಪ್ರೋಟೀನುಗಳು ಗಿಡದಲ್ಲಿ ಇವೆ. ಆದರೆ ಅವು ಕಗ್ಗದ ಸ್ವತ್ತು ಮಾತ್ರವಲ್ಲ. ನಿಮ್ಮ ಗದ್ದೆಯಲ್ಲಿ ಸೊರಗುತ್ತಿರುವ ಭತ್ತದಲ್ಲೂ ಇವೆ. ಉಪ್ಪು ಕಂಡರಾಗದ ಹುರುಳಿಕಾಯಿ ಗಿಡದಲ್ಲೂ ಅವಕ್ಕೆ ಹತ್ತಿರದ ಪ್ರೋಟೀನುಗಳಿವೆ. ಹಾಗಾದರೆ ಒಂದು ಬದುಕಿ ಇನ್ನೊಂದು ಯಾಕೆ ಸಾಯುತ್ತದೆ? ನನಗೆ ಈ ವಿಷಯದಲ್ಲಿ ಬಹಳ ಇಷ್ಟವಾದ ಪ್ರಶ್ನೆಯೇ ಇದು. ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಮೊದಲು ಉಪ್ಪು ಏನು ಮಾಡುತ್ತದೆ ನೋಡೋಣ. ಅದರ ಹೊಡೆತ ಎರಡು ಸಲ ಬೀಳುತ್ತದೆ. ಮೊದಲನೆಯದು ನೀರಿನದು. ಮಣ್ಣಿನ ನೀರಿನಲ್ಲಿ ಉಪ್ಪು ಜಾಸ್ತಿಯಾದರೆ ಬೇರಿಗೆ ಆ ನೀರನ್ನು ಎಳೆದುಕೊಳ್ಳಲು ಕಷ್ಟ. ಗದ್ದೆ ತುಂಬ ನೀರು ನಿಂತಿದ್ದರೂ ಗಿಡಕ್ಕೆ ಬಾಯಾರಿಕೆ. ಇದು ಕೆಲವೇ ನಿಮಿಷಗಳಲ್ಲಿ ಶುರುವಾಗುತ್ತದೆ. ಎಲೆ ಬೆಳೆಯುವುದು ನಿಧಾನವಾಗುತ್ತದೆ. ಎರಡನೆಯದು ಸೋಡಿಯಂದು. ಉಪ್ಪಿನ ಸೋಡಿಯಂ ನೀರಿನ ಜೊತೆ ಮೇಲೇರಿ ಎಲೆಯಲ್ಲಿ ಉಳಿಯುತ್ತದೆ. ನೀರು ಆವಿಯಾಗಿ ಹೋಗುತ್ತದೆ, ಸೋಡಿಯಂ ಹೋಗುವುದಿಲ್ಲ. ದಿನದಿನಕ್ಕೂ ಕೂಡುತ್ತಾ ಹೋಗುತ್ತದೆ. ಹದಿನೈದು ದಿನಕ್ಕೆ ತುದಿ ಸುಡುತ್ತದೆ ಅಂದಿರಲ್ಲ, ಅದು ಈ ಎರಡನೆಯ ಹೊಡೆತ. ಗಮನಿಸಿ ನೋಡಿ, ಮೊದಲು ಸುಡುವುದು ಕೆಳಗಿನ ಹಳೆಯ ಎಲೆ. ಜಾಸ್ತಿ ದಿನ ನೀರು ಹಾಯಿಸಿದ ಎಲೆಯಲ್ಲೇ ಜಾಸ್ತಿ ಸೋಡಿಯಂ ಸೇರಿರುತ್ತದೆ.

ಸೋಡಿಯಂ ಯಾಕೆ ಇಷ್ಟು ಕೆಟ್ಟದ್ದು ಅಂದರೆ ಅದು ನೋಡಲು ಪೊಟ್ಯಾಸಿಯಂನ ತಮ್ಮನ ಹಾಗಿದೆ. ಜೀವಕೋಶದೊಳಗೆ ಕೆಲಸ ಮಾಡುವ ಎಷ್ಟೋ ಕಿಣ್ವಗಳಿಗೆ ಪೊಟ್ಯಾಸಿಯಂ ಬೇಕು. ಅದರ ಜಾಗದಲ್ಲಿ ಸೋಡಿಯಂ ಬಂದು ಕೂತರೆ ಕಿಣ್ವ ನಿಂತುಹೋಗುತ್ತದೆ. ಅಣ್ಣನ ಕುರ್ಚಿಯಲ್ಲಿ ತಮ್ಮ ಕೂತಿದ್ದಾನೆ, ಅಣ್ಣನ ಕೆಲಸ ಮಾತ್ರ ಅವನಿಗೆ ಬರುವುದಿಲ್ಲ.

ಉಪ್ಪಿನಲ್ಲೇ ಹುಟ್ಟಿ ಬೆಳೆಯುವ ಗಿಡಗಳ ಕಿಣ್ವಗಳಾದರೂ ಉಪ್ಪಿಗೆ ಜಗ್ಗದೆ ಇರುತ್ತವಾ? ಬಹಳ ಕಾಲ ಹಾಗೇ ಅಂದುಕೊಂಡಿದ್ದರು. 1972ರಲ್ಲಿ ಆಸ್ಟ್ರೇಲಿಯಾದಲ್ಲಿ ಗ್ರೀನ್‌ವೇ ಮತ್ತು ಆಸ್ಮಂಡ್ ಎಂಬ ಇಬ್ಬರು ಇದನ್ನು ನೇರವಾಗಿ ಪರೀಕ್ಷಿಸಿದರು. ಒಂದು ಕಡೆ ಉಪ್ಪು ನೆಲದ ಗಿಡಗಳು, ಇನ್ನೊಂದು ಕಡೆ ಹುರುಳಿಕಾಯಿ ಗಿಡ. ಎರಡರಿಂದಲೂ ಕಿಣ್ವ ತೆಗೆದು ಗಾಜಿನ ಕೊಳವೆಯಲ್ಲಿ ಉಪ್ಪು ಬೆರೆಸಿದರು. ಎರಡೂ ಹೆಚ್ಚುಕಡಿಮೆ ಒಂದೇ ಥರ ಕುಸಿದವು. ಅಂದರೆ ಉಪ್ಪು ನೆಲದ ಗಿಡಕ್ಕೂ ಉಪ್ಪು ವಿಷವೇ. ಅದು ಆ ವಿಷವನ್ನು ಕೆಲಸದ ಜಾಗಕ್ಕೆ ಬಿಟ್ಟುಕೊಳ್ಳುವುದಿಲ್ಲ, ಅಷ್ಟೇ. ಒಂದೆರಡು ಅಪವಾದಗಳಿವೆ. ಸುಂದರಬನದ ಕೆಸರಿನಲ್ಲಿ ಬೆಳೆಯುವ ಪೋರ್ಟರೇಸಿಯಾ ಎಂಬ ಕಾಡು ಭತ್ತದಲ್ಲಿ ಇನೋಸಿಟಾಲ್ ಎಂಬ ಸಕ್ಕರೆಯಂಥ ವಸ್ತುವನ್ನು ತಯಾರಿಸುವ ಒಂದು ಕಿಣ್ವ ಇದೆ. ಅದು ಉಪ್ಪಿನಲ್ಲೂ ಕೆಲಸ ಬಿಡುವುದಿಲ್ಲ ಅಂತ ಕೋಲ್ಕತ್ತಾದ ಬೋಸ್ ಇನ್‌ಸ್ಟಿಟ್ಯೂಟ್‌ನ ಅರುಣ್ ಲಾಹಿರಿ ಮಜುಂದಾರ್ ಅವರ ತಂಡ 2004ರಲ್ಲಿ ತೋರಿಸಿತು. ಅಪವಾದ ಅಂತ ನೆನಪಿಡುವಂಥದ್ದು ಅದು.

ನಿಮ್ಮ ಗೆಳೆಯರ ಊರಿನ ಕಡೆಗೆ ಹೋದರೆ ಒಂದು ಕೆಲಸ ಮಾಡಿ. ಅಘನಾಶಿನಿ ಅಳಿವೆಯ ದಂಡೆಯ ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನಲ್ಲಿ ಉಪ್ಪಟ್ಟಿ ಅನ್ನುವ ಮರ ಇರುತ್ತದೆ. ಕೆಸರಿನಿಂದ ಪೆನ್ಸಿಲ್ ನೆಟ್ಟ ಹಾಗೆ ಉಸಿರಾಟದ ಬೇರುಗಳು ಮೇಲೆದ್ದಿರುತ್ತವೆ, ಅದರಿಂದ ಗುರುತು ಸಿಗುತ್ತದೆ. ಒಣ ದಿನ ಮಧ್ಯಾಹ್ನ ಅದರ ಎಲೆಯೊಂದನ್ನು ಕಿತ್ತು ನಾಲಿಗೆಗೆ ತಾಗಿಸಿ. ಉಪ್ಪುಪ್ಪು. ಬಿಸಿಲಿಗೆ ಹಿಡಿದರೆ ಎಲೆಯ ಮೇಲೆ ಸಣ್ಣ ಸಣ್ಣ ಹರಳು ಮಿನುಗುತ್ತವೆ. ಬೇರಿನಲ್ಲಿ ಬಹುಪಾಲು ಉಪ್ಪನ್ನು ತಡೆದು, ದಾಟಿ ಬಂದದ್ದನ್ನು ಎಲೆಯ ಗ್ರಂಥಿಗಳಿಂದ ಹೊರಗೆ ಹಾಕಿದ್ದು ಅದು. ನಾನು ಮೊದಲ ಸಲ ಆ ಎಲೆ ನೆಕ್ಕಿದ ದಿನ ಓದಿದ್ದೆಲ್ಲ ಒಮ್ಮೆಲೇ ಅರ್ಥವಾದ ಹಾಗಾಯಿತು. ಈ ಮರ ಉಪ್ಪನ್ನು ಸಹಿಸಿಕೊಂಡು ಸುಮ್ನೆ ಕೂತಿಲ್ಲ. ಹಗಲೂ ರಾತ್ರಿ ಅದನ್ನು ಎತ್ತಿ ಎತ್ತಿ ಹೊರಗೆ ಹಾಕುತ್ತಿದೆ.

ಎತ್ತಿ ಹಾಕುವುದಕ್ಕೆ ಮೊದಲು ಉಪ್ಪು ಬಂತು ಅಂತ ಗೊತ್ತಾಗಬೇಕು ಅಲ್ವಾ? ಸಿಗ್ನಲ್ ಪ್ರೋಟೀನಿನ ಕಥೆ ಇಲ್ಲಿಂದ ಶುರು.

ಗಿಡಕ್ಕೆ ನರ ಇಲ್ಲ. ಆದರೆ ಕ್ಯಾಲ್ಸಿಯಂ ಇದೆ. ಜೀವಕೋಶದ ಒಳಗಿನ ದ್ರವದಲ್ಲಿ ಕ್ಯಾಲ್ಸಿಯಂ ತೀರಾ ಕಡಿಮೆ. ಹೊರಗೆ ಅದರ ಸಾವಿರಾರು ಪಟ್ಟು. ಪೊರೆಯಲ್ಲಿ ಒಂದು ಸಣ್ಣ ಬಾಗಿಲು ತೆರೆದರೂ ಕ್ಯಾಲ್ಸಿಯಂ ಒಳಗೆ ನುಗ್ಗುತ್ತದೆ. ಆ ನುಗ್ಗುವಿಕೆಯೇ ಕೋಶಕ್ಕೆ ‘ಏನೋ ಆಯಿತು’ ಎಂಬ ಕೂಗು. ಸೋಡಿಯಂ ಬಂದಾಗ ಆ ಬಾಗಿಲನ್ನು ತೆರೆಸುವುದು ಯಾರು ಅನ್ನುವುದು ದಶಕಗಳ ಕಾಲ ಒಗಟಾಗಿತ್ತು. 2019ರಲ್ಲಿ ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ಝೆನ್-ಮಿಂಗ್ ಪೇ ಅವರ ತಂಡ ಒಂದು ಉತ್ತರ ಕೊಟ್ಟಿತು. ಕೋಶದ ಪೊರೆಯಲ್ಲೇ ಇರುವ, ಸಕ್ಕರೆಯ ತುಣುಕು ಅಂಟಿಕೊಂಡ ಒಂದು ಬಗೆಯ ಕೊಬ್ಬಿಗೆ ಸೋಡಿಯಂ ಅಂಟುತ್ತದೆ. ಆಗ ಕ್ಯಾಲ್ಸಿಯಂ ಬಾಗಿಲು ತೆರೆಯುತ್ತದೆ. ಪ್ರೋಟೀನನ್ನು ಹುಡುಕುತ್ತಾ ಹೋದವರಿಗೆ ಕೊಬ್ಬು ಸಿಕ್ಕಿತು. ಆ ಕೊಬ್ಬನ್ನು ತಯಾರಿಸುವ ಪ್ರೋಟೀನ್ ಕೆಟ್ಟ ಗಿಡಗಳಿಗೆ ಉಪ್ಪು ಬಂದದ್ದೇ ಸರಿಯಾಗಿ ತಿಳಿಯುತ್ತಿರಲಿಲ್ಲ.

ಕೂಗು ಒಂದೇ ಕೋಶದಲ್ಲಿ ನಿಲ್ಲುವುದಿಲ್ಲ. 2014ರಲ್ಲಿ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಸೈಮನ್ ಗಿಲ್ರಾಯ್ ಅವರ ತಂಡ ಕ್ಯಾಲ್ಸಿಯಂ ಹೆಚ್ಚಾದರೆ ಹೊಳೆಯುವ ಸಸಿಗಳನ್ನು ಬಳಸಿತು. ಬೇರಿನ ತುದಿಗೆ ಮಾತ್ರ ಉಪ್ಪುನೀರು ಮುಟ್ಟಿಸಿದರು. ಬೇರಿನುದ್ದಕ್ಕೂ ಬೆಳಕಿನ ಅಲೆ ಓಡಿತು. ಸೆಕೆಂಡಿಗೆ ಸುಮಾರು 0.4 ಮಿಲಿಮೀಟರ್. ಅಂದರೆ ನಿಮಿಷಕ್ಕೆ ಸುಮಾರು ಒಂದು ಇಂಚು. ಉಪ್ಪು ಎಲೆಗೆ ತಲುಪುವ ಎಷ್ಟೋ ಮೊದಲು ಸುದ್ದಿ ಮೇಲಕ್ಕೆ ತಲುಪಿರುತ್ತದೆ.

ಸುದ್ದಿ ಬಂದ ಮೇಲೆ ಕೆಲಸಕ್ಕೆ ಇಳಿಯುವವರು ಮೂವರು. ಇವರನ್ನು ಕಂಡುಹಿಡಿದ ರೀತಿ ಎಷ್ಟು ಸರಳ ಅಂದರೆ ನಿಮ್ಮ ಮಗಳಿಗೆ ಇದನ್ನು ಓದಿ ಹೇಳಿ ಅಂತ ಕೇಳಿಕೊಳ್ಳುತ್ತೇನೆ. 1990ರ ದಶಕದಲ್ಲಿ ಜಿಯಾನ್-ಕಾಂಗ್ ಝು ಅಮೆರಿಕದ ಅರಿಝೋನಾದಲ್ಲಿದ್ದರು. ಅವರು ಆರಿಸಿಕೊಂಡದ್ದು ಅರಬಿಡಾಪ್ಸಿಸ್ ಎಂಬ, ಸಾಸಿವೆ ಕುಟುಂಬದ ಪುಟ್ಟ ಕಳೆ ಗಿಡ. ಲಕ್ಷಗಟ್ಟಲೆ ಸಸಿಗಳನ್ನು ಜೆಲ್ಲಿ ಹಾಕಿದ ತಟ್ಟೆಗಳಲ್ಲಿ ಸಾಲಾಗಿ ಬೆಳೆಸಿದರು. ತಟ್ಟೆಗಳನ್ನು ನೆಟ್ಟಗೆ ನಿಲ್ಲಿಸಿದ್ದರಿಂದ ಬೇರುಗಳು ನೇರ ಕೆಳಗೆ ಇಳಿದವು. ಆಮೇಲೆ ಸಸಿಗಳನ್ನು ಲೀಟರಿಗೆ ಸುಮಾರು ಮೂರು ಗ್ರಾಂ ಉಪ್ಪಿದ್ದ ಇನ್ನೊಂದು ತಟ್ಟೆಗೆ ತಲೆಕೆಳಗಾಗಿ ಇಟ್ಟರು. ಬೇರಿಗೆ ಯಾವಾಗಲೂ ಕೆಳಗೇ ಹೋಗಬೇಕು. ಹಾಗಾಗಿ ಬೆಳೆಯಬಲ್ಲ ಬೇರು ಕೊಕ್ಕೆಯ ಹಾಗೆ ಬಾಗಿತು. ಆ ಉಪ್ಪಿಗೇ ಸೋತ ಬೇರು ಬಾಗದೆ ಹಾಗೇ ನಿಂತಿತು. ಸಾಲುಗಟ್ಟಿದ ಕೊಕ್ಕೆಗಳ ನಡುವೆ ಅಲ್ಲೊಂದು ಇಲ್ಲೊಂದು ನೆಟ್ಟಗಿನ ಬೇರು. ಅದನ್ನು ಆರಿಸಿ ತೆಗೆದರು. ದೊಡ್ಡ ಯಂತ್ರ ಬೇಕಾಗಲಿಲ್ಲ. ಕಣ್ಣು ಮತ್ತು ತಾಳ್ಮೆ ಸಾಕಾಯಿತು.

ಆ ಸಸಿಗಳಲ್ಲಿ ಕೆಟ್ಟಿದ್ದ ಜೀನ್‌ಗಳಿಗೆ ‘ಎಸ್‌ಓಎಸ್’ ಅಂತ ಹೆಸರಿಟ್ಟರು. ‘ಉಪ್ಪಿಗೆ ವಿಪರೀತ ಸೂಕ್ಷ್ಮ’ ಎಂಬ ಅರ್ಥದ ಇಂಗ್ಲಿಷ್ ಪದಗಳ ಮೊದಲ ಅಕ್ಷರಗಳು ಅವು. ಮೊದಲನೆಯದು 1996ರಲ್ಲಿ ಸಿಕ್ಕಿತು. ಅದು ಕೆಟ್ಟ ಗಿಡ ಮಾಮೂಲಿ ಗಿಡಕ್ಕಿಂತ 20 ಪಟ್ಟಿಗೂ ಹೆಚ್ಚು ಉಪ್ಪಿಗೆ ಹೆದರುತ್ತಿತ್ತು. 1998ರ ದೊಡ್ಡ ಹುಡುಕಾಟದಲ್ಲಿ ಮೊದಲನೆಯ ಜೀನ್ ಕೆಟ್ಟ 28 ಹೊಸ ರೂಪಗಳು, ಎರಡನೆಯದು ಕೆಟ್ಟ ಒಂಬತ್ತು, ಮೂರನೆಯದು ಕೆಟ್ಟದ್ದು ಒಂದೇ ಒಂದು ಸಿಕ್ಕವು.

ಈ ಮೂರು ಪ್ರೋಟೀನುಗಳ ಕೆಲಸ ಹೀಗೆ. ಮೂರನೆಯದು ಕೇಳಿಸಿಕೊಳ್ಳುವವನು. ಕ್ಯಾಲ್ಸಿಯಂ ನುಗ್ಗಿದ ಕೂಡಲೇ ಅದನ್ನು ಹಿಡಿದು ಆಕಾರ ಬದಲಿಸುತ್ತದೆ. ಆಗ ಎರಡನೆಯದರ ಕೈ ಹಿಡಿದು ಪೊರೆಯ ಹತ್ತಿರಕ್ಕೆ ಎಳೆದು ತರುತ್ತದೆ. ಎರಡನೆಯದು ಕೈನೇಸ್ ಎಂಬ ಜಾತಿಯದು. ಇನ್ನೊಂದು ಪ್ರೋಟೀನಿನ ಮೇಲೆ ಫಾಸ್ಫೇಟಿನ ಸಣ್ಣ ಗುರುತು ಒತ್ತುವುದೇ ಅದರ ಕಸುಬು. ಮೊದಲನೆಯದು ಪೊರೆಯಲ್ಲಿ ಕೂತಿರುವ ಪಂಪು. ಸುಮ್ಮನಿರುವಾಗ ಅದರ ಬಾಲವೇ ಅದರ ಬಾಯಿಗೆ ಅಡ್ಡ ಇರುತ್ತದೆ. ಬಾಲದ ಮೇಲೆ ಗುರುತು ಬಿದ್ದರೆ ಬಾಲ ಸರಿಯುತ್ತದೆ, ಪಂಪು ಓಡುತ್ತದೆ. ಒಳಗಿನ ಸೋಡಿಯಂ ಹೊರಗೆ ಬೀಳುತ್ತದೆ. ನಿಮ್ಮ ಮೋಟರ್, ಸ್ಟಾರ್ಟರ್, ಸ್ಟಾರ್ಟರ್ ಒತ್ತುವ ಕೈ ಇದ್ದ ಹಾಗೆ. ಮೂರರಲ್ಲಿ ಒಂದು ಇಲ್ಲದಿದ್ದರೂ ನೀರು ಬರುವುದಿಲ್ಲ.

ಮೋಟರಿಗೆ ಕರೆಂಟು ಬೇಕು ಅಲ್ವಾ? ಇದಕ್ಕೂ ಬೇಕು. ಕೋಶದ ಹೊರಗೆ ಹೈಡ್ರೋಜನ್ ಅಯಾನುಗಳನ್ನು ಒತ್ತಿ ಇಡುವ ಇನ್ನೊಂದು ಪಂಪಿದೆ. ಆ ಒತ್ತಡದಿಂದ ಹೈಡ್ರೋಜನ್ ಒಳಗೆ ಬರುವಾಗ ಸೋಡಿಯಂ ಹೊರಗೆ ಹೋಗುತ್ತದೆ. ಆ ಒತ್ತಡ ಕಾಯ್ದುಕೊಳ್ಳಲು ಗಿಡ ತಾನು ಮಾಡಿದ ಸಕ್ಕರೆಯನ್ನೇ ಸುಡಬೇಕು. ಕಾಳಿಗೆ ಹೋಗಬೇಕಾದ ಸಕ್ಕರೆ ಅದು. ಉಪ್ಪು ತಡೆಯುವ ತಳಿಗಳಲ್ಲಿ ಇಳುವರಿ ಕಡಿಮೆ ಯಾಕೆ ಅಂತ ರೈತರು ಕೇಳಿದಾಗ ನಾನು ಮೊದಲು ಹೇಳುವುದು ಈ ಖರ್ಚಿನ ಲೆಕ್ಕವನ್ನೇ.

ಉಪ್ಪಿಲ್ಲದ ದಿನಗಳಲ್ಲಿ ಈ ಖರ್ಚು ಆಗದಂತೆ ಗಿಡ ಕಾವಲು ಇಟ್ಟಿರುತ್ತದೆ. ಹೂ ಬಿಡುವ ಹೊತ್ತನ್ನು ನೋಡಿಕೊಳ್ಳುವ ಜೈಗ್ಯಾಂಟಿಯಾ ಎಂಬ ಪ್ರೋಟೀನ್ ಎರಡನೆಯದನ್ನು ಹಿಡಿದುಕೊಂಡಿರುತ್ತದೆ. ಉಪ್ಪು ಬಂದಾಗ ಜೈಗ್ಯಾಂಟಿಯಾ ನಾಶವಾಗಿ ಕೈನೇಸ್ ಬಿಡುಗಡೆಯಾಗುತ್ತದೆ ಅಂತ 2013ರಲ್ಲಿ ಗೊತ್ತಾಯಿತು. ಹೂವಿನ ಗಡಿಯಾರಕ್ಕೂ ಉಪ್ಪಿನ ಕಾವಲಿಗೂ ಒಂದೇ ಪ್ರೋಟೀನ್! ಆ ಪುಟ್ಟ ಗಿಡ ಉಪ್ಪಿನಲ್ಲಿ ಹೂ ಬಿಡಲು ತಡ ಮಾಡುವುದಕ್ಕೂ ಇದಕ್ಕೂ ನಂಟಿದೆ.

ಈಗ ನಿಮ್ಮ ಭತ್ತಕ್ಕೆ ಬರೋಣ. 2007ರಲ್ಲಿ ಭತ್ತದ ಈ ಮೂರೂ ಪ್ರೋಟೀನುಗಳನ್ನು ಪರೀಕ್ಷಿಸಿದರು. ಭತ್ತದ ಪ್ರೋಟೀನುಗಳೂ ಆ ಕಳೆ ಗಿಡದ ಪ್ರೋಟೀನುಗಳೂ ಒಂದರ ಜೊತೆ ಒಂದು ಸೇರಿ ಕೆಲಸ ಮಾಡಿದವು. ಸ್ಟಾರ್ಟರ್ ಒಂದು ಕಂಪನಿಯದು, ಮೋಟರ್ ಇನ್ನೊಂದರದು, ಆದರೂ ಓಡಿತು. ಕಳೆಗೂ ಭತ್ತಕ್ಕೂ ಸಲಕರಣೆ ಒಂದೇ.

ವ್ಯತ್ಯಾಸ ಎಲ್ಲಿದೆ ಅಂತ ತೋರಿಸಿದ್ದು ಆ ಕಳೆ ಗಿಡದ ಒಬ್ಬ ಬಂಧು. ಉಪ್ಪು ಸಾಸಿವೆ ಅಂತ ಕರೆಯೋಣ, ಶಾಸ್ತ್ರದ ಹೆಸರು ಯೂಟ್ರೀಮಾ. ಚೀನಾದ ಪೂರ್ವ ಕರಾವಳಿಯ ಉಪ್ಪು ನೆಲದಲ್ಲಿ ಬೆಳೆಯುತ್ತದೆ. ಸಮುದ್ರದ ನೀರಿಗೆ ಹತ್ತಿರದ ಉಪ್ಪಿನಲ್ಲೂ ಬದುಕುತ್ತದೆ. ಅದರ ಜೀನ್‌ಗಳನ್ನು ಕಳೆ ಗಿಡದ ಜೀನ್‌ಗಳ ಪಕ್ಕ ಇಟ್ಟು ನೋಡಿದಾಗ ಬಹಳಷ್ಟು ಒಂದೇ. ಆದರೆ ಕಳೆ ಗಿಡ ಉಪ್ಪು ಬಿದ್ದ ಮೇಲೆ ಎಬ್ಬಿಸುವ ಹಲವು ಜೀನ್‌ಗಳು ಉಪ್ಪು ಸಾಸಿವೆಯಲ್ಲಿ ಉಪ್ಪಿಲ್ಲದಾಗಲೂ ಎದ್ದೇ ಇರುತ್ತವೆ. ಮಳೆಗಾಲಕ್ಕೆ ಮೊದಲೇ ಸೂರು ಹೊದಿಸಿಕೊಂಡ ಮನೆ ಅದು. ಕಳೆ ಗಿಡ ಮಳೆ ಸುರಿಯುವಾಗ ಹುಲ್ಲು ಹುಡುಕುತ್ತದೆ. 2009ರಲ್ಲಿ ಇನ್ನೊಂದು ಪ್ರಯೋಗ ನಡೆಯಿತು. ಉಪ್ಪು ಸಾಸಿವೆಯಲ್ಲಿ ಆ ಮೊದಲನೆಯ ಪಂಪನ್ನು ಮಾತ್ರ ತಗ್ಗಿಸಿದರು. ಬೇರೆ ಯಾವುದನ್ನೂ ಮುಟ್ಟಲಿಲ್ಲ. ಉಪ್ಪಿಗೆ ಜಗ್ಗದ ಆ ಗಿಡ ಕಳೆ ಗಿಡದ ಹಾಗೆ ಬಾಡಿಹೋಯಿತು.

ಹಾಗಾಗಿ ನಿಮ್ಮ ‘ಅದರಲ್ಲಿ ಇದೆ, ನಮ್ಮದರಲ್ಲಿ ಇಲ್ಲವಾ’ ಎಂಬ ಪ್ರಶ್ನೆಗೆ ನನ್ನ ಉತ್ತರ: ಇದೆ. ಆದರೆ ಎಷ್ಟು ಇದೆ, ಯಾವ ಜಾಗದಲ್ಲಿದೆ, ಎಷ್ಟು ಬೇಗ ಎಚ್ಚರವಾಗುತ್ತದೆ ಅನ್ನುವುದರಲ್ಲಿ ಬದುಕು ಸಾವಿನ ಅಂತರ ಇದೆ. ಕೆಲವು ಸಲ ಪ್ರೋಟೀನಿನಲ್ಲೇ ಒಂದು ಸಣ್ಣ ತಿದ್ದುಪಡಿಯೂ ಸಾಕು.

ಆ ತಿದ್ದುಪಡಿಗೆ ಭತ್ತದಲ್ಲೇ ಒಳ್ಳೆಯ ಉದಾಹರಣೆ ಇದೆ. ಬಂಗಾಳದ ಕಡೆ ನೋನಾ ಬೊಕ್ರಾ ಎಂಬ ಹಳೆಯ ತಳಿ. ನೋನಾ ಅಂದರೇ ಉಪ್ಪುಪ್ಪು. 2005ರಲ್ಲಿ ಚೀನಾದ ವಿಜ್ಞಾನಿಗಳು ಇದನ್ನು ಜಪಾನಿನ ಕೋಶಿಹಿಕಾರಿ ತಳಿಯ ಜೊತೆ ಸಂಕರ ಮಾಡಿ, ಉಪ್ಪು ತಡೆಯುವ ಗುಣ ಎಲ್ಲಿದೆ ಅಂತ ಹುಡುಕಿದರು. ಸಿಕ್ಕಿದ್ದು ಎಚ್‌ಕೆಟಿ ಎಂಬ ಕುಟುಂಬದ ಒಂದು ಪ್ರೋಟೀನ್. ನೀರು ಮೇಲೇರುವ ನಾಳದ ಪಕ್ಕದ ಕೋಶಗಳಲ್ಲಿ ಇರುತ್ತದೆ. ನೀರಿನ ಜೊತೆ ಹೊರಟ ಸೋಡಿಯಂ ಅನ್ನು ದಾರಿಯಲ್ಲೇ ಹಿಡಿದು ಹಿಂದಕ್ಕೆ ಎಳೆಯುತ್ತದೆ. ಎಲೆಗೆ ಹೋಗಲು ಬಿಡುವುದಿಲ್ಲ. ಎರಡೂ ತಳಿಗಳಲ್ಲಿ ಈ ಪ್ರೋಟೀನ್ ಇದೆ. ವ್ಯತ್ಯಾಸ ಬರೀ ನಾಲ್ಕು ಅಮೈನೋ ಆಮ್ಲಗಳದ್ದು. ಕೇರಳದ ಪೊಕ್ಕಾಲಿ ಭತ್ತದಿಂದ ಗುರುತಿಸಿದ ‘ಸಾಲ್ಟಾಲ್’ ಎಂಬ ಭಾಗವೂ ಈ ಪ್ರೋಟೀನಿನ ಜೀನ್ ಇರುವ ಒಂದನೆಯ ಕ್ರೋಮೋಸೋಮಿನಲ್ಲೇ ಇದೆ. ಅದನ್ನು ಈಗ ತಳಿ ಸಂಕರಣದಲ್ಲಿ ಬಳಸುತ್ತಿದ್ದಾರೆ.

ಗೋಧಿಯಲ್ಲಿ ಇದೇ ಕುಟುಂಬದ ಪ್ರೋಟೀನ್ ಹೊಲದಲ್ಲೂ ಗೆದ್ದಿದೆ. ಆಸ್ಟ್ರೇಲಿಯಾದ ರಾಣಾ ಮನ್ಸ್ ಮತ್ತು ಜೊತೆಗಾರರು ಒಂದು ಪುರಾತನ ಗೋಧಿಯಿಂದ ಈ ಜೀನನ್ನು ಸಾಮಾನ್ಯ ಸಂಕರಣದಿಂದಲೇ ಡ್ಯೂರಂ ಗೋಧಿಗೆ ತಂದರು. 2012ರಲ್ಲಿ ಪ್ರಕಟವಾದ ಹೊಲದ ಪ್ರಯೋಗದಲ್ಲಿ, ಉಪ್ಪು ನೆಲದಲ್ಲಿ ಇಳುವರಿ ಶೇ. 25 ಹೆಚ್ಚಾಯಿತು. ನನಗೆ ಪ್ರಯೋಗಾಲಯದ ಹತ್ತು ಚಂದದ ಫೋಟೋಗಳಿಗಿಂತ ಇದೊಂದು ಅಂಕಿ ದೊಡ್ಡದು.

ಯಾಕೆ ಹಾಗೆ ಹೇಳುತ್ತೇನೆ ಅಂದರೆ ಇದಕ್ಕೆ ವಿರುದ್ಧದ ಅನುಭವವೂ ಇದೆ. ಗಿಡದ ಕೋಶದಲ್ಲಿ ರಸದಾನಿ ಅಂತ ಒಂದು ದೊಡ್ಡ ಚೀಲ ಇರುತ್ತದೆ. ಬೆಳೆದ ಕೋಶದ ಬಹುಪಾಲು ಜಾಗ ಅದರದ್ದೇ. ಹೊರಗೆ ಹಾಕಲಾಗದ ಸೋಡಿಯಂ ಅನ್ನು ಗಿಡ ಅದರೊಳಗೆ ತುಂಬಿ ಬಾಗಿಲು ಹಾಕುತ್ತದೆ. ತುಂಬುವ ಪಂಪಿಗೆ ಎನ್‌ಎಚ್‌ಎಕ್ಸ್ ಎಂದು ಹೆಸರು. 2001ರಲ್ಲಿ ಎಡ್ವರ್ಡೊ ಬ್ಲುಮ್‌ವಾಲ್ಡ್ ಅವರ ತಂಡ ಇದನ್ನು ಟೊಮೆಟೊದಲ್ಲಿ ಹೆಚ್ಚಿಸಿತು. ಲೀಟರಿಗೆ ಹನ್ನೆರಡು ಗ್ರಾಂ ಹತ್ತಿರ ಉಪ್ಪಿದ್ದ ನೀರಿನಲ್ಲಿ ಗಿಡ ಬೆಳೆದು ಹಣ್ಣು ಬಿಟ್ಟಿತು. ಉಪ್ಪು ಎಲೆಯಲ್ಲಿ ಉಳಿಯಿತು, ಹಣ್ಣಿಗೆ ಹೋಗಲಿಲ್ಲ. ಜಗತ್ತೆಲ್ಲ ಸುದ್ದಿಯಾಯಿತು. ಆ ಟೊಮೆಟೊ ನಿಮ್ಮ ಸಂತೆಗೆ ಇನ್ನೂ ಬಂದಿಲ್ಲ. ಹಸಿರುಮನೆಯಲ್ಲಿ ಉಪ್ಪು ಮಾತ್ರ ಶತ್ರು. ಹೊಲದಲ್ಲಿ ಉಪ್ಪಿನ ಜೊತೆ ಬಿಸಿಲಿದೆ, ಕೆಸರಿದೆ, ಬೇರಿಗೆ ಉಸಿರು ಸಿಗದ ಕಷ್ಟ ಇದೆ, ವಾರಕ್ಕೊಂದು ಥರ ಬದಲಾಗುವ ನೀರಿದೆ. ಒಂದು ಪ್ರೋಟೀನಿನಿಂದ ಅಷ್ಟನ್ನೂ ಎದುರಿಸುವುದು ಕಷ್ಟ.

ಎಲೆಯ ಬಾಯಿ ಮುಚ್ಚುವ ಇನ್ನೊಂದು ಸರಪಳಿಯೂ ಇದೆ. ಅಬ್ಸಿಸಿಕ್ ಆಮ್ಲ ಎಂಬ ಹಾರ್ಮೋನು ಬಂದು ಅದರ ಗ್ರಾಹಕ ಪ್ರೋಟೀನಿಗೆ ಅಂಟಿದರೆ, ಆ ಗ್ರಾಹಕ ಹೋಗಿ ಬ್ರೇಕ್ ಹಾಕಿದ್ದ ಪ್ರೋಟೀನನ್ನು ಹಿಡಿದುಕೊಳ್ಳುತ್ತದೆ. ಬ್ರೇಕ್ ಬಿಟ್ಟ ಕೈನೇಸ್ ಪತ್ರರಂಧ್ರಗಳನ್ನು ಮುಚ್ಚಿಸುತ್ತದೆ. ನೀರು ಉಳಿಯುತ್ತದೆ, ಎಲೆಗೆ ಏರುವ ಸೋಡಿಯಂ ಕಡಿಮೆಯಾಗುತ್ತದೆ. ಗ್ರಾಹಕ ಯಾವುದು ಅಂತ 2009ರಲ್ಲಿ ಎರಡು ತಂಡಗಳು ಒಟ್ಟಿಗೇ ಕಂಡುಹಿಡಿದವು. ಬರದಲ್ಲೂ ಇದೇ ಸರಪಳಿ ಓಡುತ್ತದೆ. ಪಠ್ಯದಲ್ಲಿ ಇರುತ್ತದೆ, ಮಗಳು ವಿವರಿಸುತ್ತಾಳೆ.

ಈಗ ಬಾಟಲಿಯ ಮಾತು. ನಾನು ಮೇಲೆ ಹೇಳಿದ ಪ್ರೋಟೀನುಗಳೆಲ್ಲ ಕೋಶದ ಒಳಗೆ, ಪೊರೆಯಲ್ಲಿ, ನಾಳದ ಪಕ್ಕದಲ್ಲಿ ತಮ್ಮ ತಮ್ಮ ಜಾಗದಲ್ಲಿ ಇದ್ದರೆ ಮಾತ್ರ ಕೆಲಸ. ಪ್ರೋಟೀನ್ ದೊಡ್ಡ ಅಣು. ಎಲೆಯ ಮೇಲೆ ಮೇಣದ ಪದರ ಇದೆ, ಅದರ ಕೆಳಗೆ ಕೋಶದ ಗೋಡೆ, ಆಮೇಲೆ ಪೊರೆ. ಸಿಂಪಡಿಸಿದ ಪ್ರೋಟೀನ್ ಅಷ್ಟನ್ನೂ ದಾಟಿ ಹೋಗಿ ಬೇರಿನ ಪೊರೆಯಲ್ಲಿ ಪಂಪಾಗಿ ಕೂರುವುದಿಲ್ಲ. ಬಿಸಿಲು ಮತ್ತು ಸೂಕ್ಷ್ಮಜೀವಿಗಳು ಅದನ್ನು ಎಲೆಯ ಮೇಲೆಯೇ ಮುರಿದು ಹಾಕುತ್ತವೆ. ಉಳಿದ ಅಮೈನೋ ಆಮ್ಲ ಒಂದಿಷ್ಟು ಸಾರಜನಕದ ಗೊಬ್ಬರವಾಗಬಹುದು. ಅದಕ್ಕೆ ಅಷ್ಟು ದುಡ್ಡು ಯಾಕೆ? ಬೆಳೆ ಒಣಗುತ್ತಿರುವ ರೈತನ ಭಯವನ್ನು ಹೀಗೆ ಬಳಸಿಕೊಳ್ಳುವುದು ನನಗೆ ನಿಜವಾಗಿ ಸಂಕಟ ತರುತ್ತದೆ.

ಗಿಡದ ಈ ಸರಪಳಿಗೆ ನೀವು ಹೊರಗಿನಿಂದ ಕೊಡಬಹುದಾದ ಒಂದು ವಸ್ತು ಇದೆ. ಅದು ಕ್ಯಾಲ್ಸಿಯಂ. 1969ರಲ್ಲೇ ಲಾಹೇ ಮತ್ತು ಎಪ್‌ಸ್ಟೈನ್ ಎಂಬುವರು ಹುರುಳಿಕಾಯಿ ಗಿಡಕ್ಕೆ ಉಪ್ಪುನೀರು ಕೊಟ್ಟು, ಜೊತೆಗೆ ಕ್ಯಾಲ್ಸಿಯಂ ಹೆಚ್ಚಿಸಿ ನೋಡಿದರು. ಕ್ಯಾಲ್ಸಿಯಂ ಸಿಕ್ಕ ಗಿಡ ಸೋಡಿಯಂ ಅನ್ನು ಎಲೆಗೆ ಬಿಟ್ಟುಕೊಳ್ಳಲಿಲ್ಲ. ಝು ಅವರ ಆ ಮೂರನೆಯ ಸಸಿ ನೆನಪಿದೆಯಾ, ಕೇಳಿಸಿಕೊಳ್ಳುವ ಪ್ರೋಟೀನ್ ಕೆಟ್ಟದ್ದು? ಅದಕ್ಕೂ ಹೊರಗಿನಿಂದ ಹೆಚ್ಚು ಕ್ಯಾಲ್ಸಿಯಂ ಕೊಟ್ಟಾಗ ಉಪ್ಪಿನ ಕಷ್ಟ ಕಡಿಮೆಯಾಯಿತು. ಕಿವಿ ಮಂದವಾದವರಿಗೆ ಜೋರಾಗಿ ಹೇಳಿದ ಹಾಗೆ.

ಕ್ಯಾಲ್ಸಿಯಂ ಅಂದರೆ ನಿಮಗೆ ಜಿಪ್ಸಂ ನೆನಪಾಗುತ್ತದೆ. ಆದರೆ ಮಣ್ಣು ಪರೀಕ್ಷೆ ಮಾಡಿಸದೆ ಚೀಲ ತರಬೇಡಿ. ನಮ್ಮಲ್ಲಿ ಎಲ್ಲವನ್ನೂ ‘ಸವಳು’ ಎಂಬ ಒಂದೇ ಮಾತಿನಲ್ಲಿ ಹೇಳುತ್ತೇವೆ. ಅದರಲ್ಲಿ ಎರಡು ಬಗೆ ಇದೆ. ಮಣ್ಣಿನ ರಸದ ವಿದ್ಯುತ್ ವಾಹಕತೆ, ಅಂದರೆ ಇ.ಸಿ., 4ಕ್ಕಿಂತ ಜಾಸ್ತಿ ಇದ್ದು ಪಿಎಚ್ 8.5ರ ಒಳಗಿದ್ದರೆ ಅದು ಉಪ್ಪು ಮಣ್ಣು. ಬಿಳಿ ಪದರ ಏಳುತ್ತದೆ ಅಂದಿದ್ದರಿಂದ ನಿಮ್ಮದು ಇದೇ ಇರಬಹುದು ಅಂತ ನನ್ನ ಊಹೆ. ಇದಕ್ಕೆ ಮದ್ದು ಒಳ್ಳೆಯ ನೀರು ನಿಲ್ಲಿಸಿ ಉಪ್ಪನ್ನು ಕೆಳಗೆ ಇಳಿಸುವುದು, ಇಳಿದ ನೀರು ಹೊರಗೆ ಹೋಗಲು ಬಸಿಗಾಲುವೆ ಕೊಡುವುದು. ಬಸಿಗಾಲುವೆ ಇಲ್ಲದೆ ನೀರು ನಿಲ್ಲಿಸಿದರೆ ಬೇಸಿಗೆಯಲ್ಲಿ ಅದೇ ಉಪ್ಪು ಮತ್ತೆ ಮೇಲೆ ಬರುತ್ತದೆ, ಸವಳಿನ ಜೊತೆ ಜವಳೂ ಸೇರುತ್ತದೆ. ಪಿಎಚ್ 8.5ಕ್ಕಿಂತ ಮೇಲಿದ್ದು, ಮಣ್ಣಿಗೆ ಅಂಟಿದ ಅಯಾನುಗಳಲ್ಲಿ ಸೋಡಿಯಂ ಪಾಲು ಶೇ. 15 ದಾಟಿದ್ದರೆ ಅದು ಕ್ಷಾರ ಮಣ್ಣು. ಅಲ್ಲಿ ಜಿಪ್ಸಂ ಬೇಕೇ ಬೇಕು. ಎಕರೆಗೆ ಎಷ್ಟು ಅಂತ ಪರೀಕ್ಷೆಯೇ ಹೇಳಬೇಕು. ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರ ನಿಮಗೆ ಹತ್ತಿರ. ಸವಳು ಮಣ್ಣಿನ ಮೇಲೆ ಅಲ್ಲಿ ಬಹಳ ವರ್ಷಗಳಿಂದ ಕೆಲಸ ನಡೆದಿದೆ. ಮೇಲ್ಪದರದ ಮಣ್ಣು ಬೇರೆ, ಒಂದು ಅಡಿ ಕೆಳಗಿನ ಮಣ್ಣು ಬೇರೆ ಚೀಲದಲ್ಲಿ ತೆಗೆದುಕೊಂಡು ಹೋಗಿ. ಬೋರ್‌ವೆಲ್ ನೀರು ಬಳಸುತ್ತಿದ್ದರೆ ಒಂದು ಬಾಟಲಿ ಅದನ್ನೂ ಒಯ್ಯಿರಿ.

ಲೆಕ್ಕಕ್ಕೆ ಒಂದು ಅಂದಾಜು ಇಟ್ಟುಕೊಳ್ಳಿ. ಸಾಮಾನ್ಯ ಭತ್ತ ಇ.ಸಿ. 3ರವರೆಗೆ ತಡೆಯುತ್ತದೆ. ಅದರ ಮೇಲೆ ಒಂದೊಂದು ಅಂಕಿ ಏರಿದ ಹಾಗೂ ಇಳುವರಿ ಸುಮಾರು ಶೇ. 12 ಇಳಿಯುತ್ತದೆ. ಹತ್ತಿ 7ರ ಆಚೆಗೂ ತಡೆಯುತ್ತದೆ. ಇ.ಸಿ. ತುಂಬಾ ಜಾಸ್ತಿ ಬಂದರೆ ಆ ಎರಡು ಎಕರೆಗೆ ಭತ್ತದ ಹಟ ಬಿಡುವುದೇ ಒಳ್ಳೆಯದು. ಬಸಿಯದ ಕಪ್ಪು ನೆಲದಲ್ಲಿ ಹಂಗಾಮು ಹಂಗಾಮಿಗೂ ಭತ್ತಕ್ಕೆ ನೀರು ನಿಲ್ಲಿಸುತ್ತಾ ಬಂದದ್ದರಿಂದಲೇ ನಿಮ್ಮ ಭಾಗದಲ್ಲಿ ಎಷ್ಟೋ ನೆಲ ಸವಳಾಗಿದೆ.

ಭತ್ತವನ್ನೇ ಹಾಕುವುದಾದರೆ ಹೊತ್ತು ನೋಡಿ ಹಾಕಿ. ಭತ್ತ ಮೊಳಕೆ ಒಡೆಯುವಾಗ ಉಪ್ಪು ತಡೆಯುತ್ತದೆ. ಎಳೆ ಸಸಿಯಾಗಿದ್ದಾಗ ತಡೆಯುವುದಿಲ್ಲ. ತೆಂಡೆ ಒಡೆಯುವಾಗ ಮತ್ತೆ ತಡೆಯುತ್ತದೆ. ತೆನೆ ಕಟ್ಟುವಾಗ, ಹೂ ಬಿಡುವಾಗ ಮತ್ತೆ ಸೂಕ್ಷ್ಮ. ಆಗ ಉಪ್ಪು ಏರಿದರೆ ತೆನೆ ಬಂದರೂ ಜೊಳ್ಳು. ಅದಕ್ಕೇ ಸಸಿಮಡಿಯನ್ನು ಒಳ್ಳೆಯ ನೆಲದಲ್ಲಿ ಮಾಡಿ. ಸಸಿಗೆ 30–35 ದಿನವಾಗಲಿ, ಕುಣಿಗೆ ಒಂದೆರಡು ಸಸಿ ಜಾಸ್ತಿ ಇಡಿ. ನಾಟಿಗೆ ಮೊದಲು ನೀರು ನಿಲ್ಲಿಸಿ ಬಸಿದು ಬಿಡಿ. ಹೂ ಬಿಡುವ ವಾರಗಳಲ್ಲಿ ಸಿಗುವ ಕಾಲುವೆ ನೀರನ್ನು ಈ ಎರಡು ಎಕರೆಗೆ ಮೊದಲು ಕೊಡಿ. ಪೊಟ್ಯಾಷ್ ತಪ್ಪಿಸಬೇಡಿ. ಅಣ್ಣನ ಕುರ್ಚಿ ಅಣ್ಣನಿಗೇ ಸಿಗಲಿ. ಬೀಜಕ್ಕೆ ಕರ್ನಾಲ್‌ನ ಕೇಂದ್ರೀಯ ಮಣ್ಣು ಲವಣತೆ ಸಂಶೋಧನಾ ಸಂಸ್ಥೆಯ ಸಿಎಸ್‌ಆರ್ ಹೆಸರಿನ ತಳಿಗಳಿವೆ. ನಿಮ್ಮ ಕಡೆಯ ಹವೆಗೆ ಯಾವುದು ಒಗ್ಗುತ್ತದೆ ಅಂತ ಸಂಶೋಧನಾ ಕೇಂದ್ರದಲ್ಲೇ ಕೇಳಿ ತನ್ನಿ.

ಇನ್ನು ಕಗ್ಗ. ಗಜನಿಯಲ್ಲಿ ಅದನ್ನು ಬೆಳೆಯುವ ರೀತಿ ಕೇಳಿದ್ದೀರಾ? ಅಳಿವೆಯ ಪಕ್ಕದ ತಗ್ಗು ನೆಲಕ್ಕೆ ಕಟ್ಟೆ ಕಟ್ಟಿ, ತೂಬಿನ ಬಾಗಿಲಿನಿಂದ ಉಬ್ಬರದ ನೀರನ್ನು ತಡೆಯುತ್ತಾರೆ. ಮುಂಗಾರಿನ ಜೋರು ಮಳೆ ನೆಲದ ಉಪ್ಪನ್ನು ತೊಳೆದ ಮೇಲೆ ಮೊಳಕೆ ಕಟ್ಟಿದ ಬೀಜ ಎರಚುತ್ತಾರೆ. ಗೊಬ್ಬರ ಹಾಕುವುದಿಲ್ಲ. ಮಳೆ ಮುಗಿಯುವ ಹೊತ್ತಿಗೆ ತೆನೆ ಕೊಯ್ಯುತ್ತಾರೆ. ಹುಲ್ಲು ಅಲ್ಲೇ ಉಳಿಯುತ್ತದೆ, ಆಮೇಲೆ ಬಿಟ್ಟ ಉಪ್ಪುನೀರಿನಲ್ಲಿ ಮೀನು, ಸಿಗಡಿ ಬೆಳೆಯುತ್ತವೆ. ಎಳೆ ಸಸಿಯ ಸೂಕ್ಷ್ಮ ದಿನಗಳು ಸಿಹಿನೀರಿನ ದಿನಗಳ ಜೊತೆ ಹೊಂದಿಕೊಳ್ಳುವಂತೆ ನೋಡಿಕೊಂಡವರು ಮಾಣಿಕಟ್ಟದಂಥ ಊರುಗಳ ರೈತರು. ಗಿಡದ ಎಚ್ಚರ ಅರ್ಧ, ರೈತರ ಎಚ್ಚರ ಅರ್ಧ. ಆ ಮಳೆ, ಆ ತೂಬು ನಿಮ್ಮಲ್ಲಿಲ್ಲ. ನಿಮ್ಮ ಕಪ್ಪು ಜಿಗುಟು ಮಣ್ಣೂ ಬೇರೆ. ಹಾಗಾಗಿ ಎರಡು ಎಕರೆಗೆ ಕಗ್ಗ ಬಿತ್ತುವುದು ಬೇಡ.

ಆದರೆ ಆ ಒಂದು ಸೇರು ಬೀಜ ಚಿನ್ನದಂಥದ್ದು. ಅದನ್ನು ಹಾಳು ಮಾಡಬೇಡಿ. ಮಗಳ ಜೊತೆ ಹೀಗೆ ಮಾಡಿ. ನಾಲ್ಕು ಬಕೆಟ್ ತೆಗೆದುಕೊಳ್ಳಿ. ಎರಡಕ್ಕೆ ಒಳ್ಳೆಯ ಗದ್ದೆಯ ಮಣ್ಣು, ಎರಡಕ್ಕೆ ಸವಳು ಮಣ್ಣು. ಒಂದೊಂದು ಮಣ್ಣಿನಲ್ಲೂ ಒಂದು ಬಕೆಟಿಗೆ ಕಗ್ಗ, ಒಂದಕ್ಕೆ ನೀವು ಹಾಕುವ ತಳಿ. ಒಂದೇ ದಿನ, ಮೂರು ವಾರದ ಸಸಿ ನೆಡಿ. ನೀರು ಕಡಿಮೆಯಾದ ಹಾಗೆ ಸಿಹಿನೀರನ್ನೇ ತುಂಬಿ. ವಾರಕ್ಕೊಮ್ಮೆ ಕೆಳಗಿನಿಂದ ಮೂರನೆಯ ಎಲೆಯನ್ನು ನೋಡಿ, ತುದಿಯಿಂದ ಎಷ್ಟು ದೂರ ಸುಟ್ಟಿದೆ ಅಂತ ಸ್ಕೇಲಿನಲ್ಲಿ ಅಳೆದು ಬರೆದಿಡಿ. ಸವಳು ಮಣ್ಣಿನಲ್ಲಿ ಕಗ್ಗದ ಎಲೆ ಹಸಿರಾಗಿದ್ದು ನಿಮ್ಮ ತಳಿಯದು ಸುಟ್ಟಿದ್ದರೆ, ಸೋಡಿಯಂ ಎಲೆಗೆ ಏರದಂತೆ ಕಗ್ಗ ತಡೆಯುತ್ತಿದೆ ಎಂಬುದಕ್ಕೆ ಅದು ಒಳ್ಳೆಯ ಸುಳಿವು. ಎರಡೂ ಸುಟ್ಟಿದ್ದರೆ ನಿಮ್ಮ ತೊಂದರೆ ಉಪ್ಪಿನದಷ್ಟೇ ಆಗಿರಲಿಕ್ಕಿಲ್ಲ, ಮಣ್ಣು ಕ್ಷಾರ ಆಗಿರಬಹುದು. ಕಗ್ಗ ತೆನೆ ಬಿಟ್ಟರೆ ಕಾಳು ಒಣಗಿಸಿ ಇಟ್ಟುಕೊಳ್ಳಿ. ಅಳತೆಯ ಹಾಳೆ ಮತ್ತು ಮಣ್ಣು ಪರೀಕ್ಷೆಯ ಚೀಟಿ ಎರಡನ್ನೂ ನನಗೆ ಕಳಿಸಿ. ಮುಂದಿನ ಹಂಗಾಮಿಗೆ ಯಾವ ತಳಿ, ಎಷ್ಟು ಜಿಪ್ಸಂ ಅಂತ ಅದನ್ನು ನೋಡಿ ಬರೆಯುತ್ತೇನೆ.